ಅಪ್ಪ-ಅವ್ವನ ಐವತ್ತನೇ ವರ್ಷಕ್ಕ ಜಪಾನ್: ಪ್ರವಾಸ ಸಲಹೆಗಾರರಿಗೆ ಫೀ ಕೊಟ್ಟು ಮಾಡಿಸೂಣೋ, ನಾವೇ ಮಾಡ್ಕೊಳ್ಳೂಣೋ?

ಉದ್ಯಮಬಾಗದಾಂವ (ಬೆಳಗಾವಿ)

ಎಲ್ಲಾರಿಗೂ ನಮಸ್ಕಾರ ರೀ. ಉದ್ಯಮಬಾಗದಾಗ ನಮ್ಮದೊಂದು ಸಣ್ಣ ಫೌಂಡ್ರಿ ಐತಿ. 2026ರ ನವೆಂಬರ್‌ಗೆ ಅಪ್ಪ-ಅವ್ವನ ಮದುವಿ ಆಗಿ 50 ವರ್ಷ ತುಂಬತಾವು. ಮಂಗಲ ಕಾರ್ಯಾಲಯ ಹಿಡಿದು ಊರಿಗೆಲ್ಲಾ ಊಟಾ ಹಾಕೂದು ಬ್ಯಾಡ, ಅದೇ ರೊಕ್ಕದಾಗ ಎಲ್ಲಾರೂ ಕೂಡಿ ಎಲ್ಲ್ಯಾರ ಹೋಗಿ ಬರೂಣು ಅಂತ ಅವ್ವನೇ ಅಂದ್ಲು. ಮಕ್ಕಳು ಜಪಾನ್ ಅಂತ ಹಟಾ ಹಿಡಿದಾವು. ನಾವು ಆರು ಮಂದಿ: ಅಪ್ಪ, ಅವ್ವ, ನಾನು, ನನ್ನ ಹೆಂಡತಿ, 14ರ ಮಗಳು, 9ರ ಮಗ. ಎಲ್ಲಾರೂ ಶುದ್ಧ ಸಸ್ಯಾಹಾರಿ. ಅವ್ವಗ ಎರಡೂ ಮಣಕಾಲು ನೋವು, ನೆಲದ ಮ್ಯಾಲೆ ಕೂಡಾಕ ಬರಂಗಿಲ್ಲ. ಅಪ್ಪಗ ಮುಂಜಾನೆ ಜಳಕಾ ಮಾಡಿ ಇಷ್ಟಲಿಂಗ ಪೂಜಿ ಆಗೂತನಕಾ ಬಾಯಾಗ ನೀರು ಸೈತ ಹಾಕಂಗಿಲ್ಲ.

ವಿಮಾನ ಬಿಟ್ಟು 24 ಲಕ್ಷದ ತನಕ ತಯಾರಿ ಅದೀವಿ. ಬಾವುಟ ಹಿಡಕೊಂಡು ನಲವತ್ತು ಮಂದೀನ ಓಡಾಡಿಸೋ ಗ್ರೂಪ್ ಟೂರ್ ಬ್ಯಾಡ. ನಮಗಂತನ ಕೂತು ಮಾಡಿಕೊಡೋ ಸಲಹೆಗಾರರ ಹತ್ರ ಹೋದ್ವಿ. ಪ್ಲ್ಯಾನಿಂಗ್ ಫೀ ಅಂತನೇ 40 ಸಾವಿರ ಕೇಳಿದ್ರು, ಪ್ರವಾಸದ ಖರ್ಚು ಬ್ಯಾರೆ. ಕೊಡಬೇಕೇನ್ರಿ? ಎಲ್ಲಾ ಫೋನಿನಾಗ ಸಿಗೋ ಕಾಲದಾಗ ಇದು ಯಾವ ನ್ಯಾಯ?

ಮಲಪ್ರಭಾ ದಂಡಿ (ಬಾಗಲಕೋಟೆ)

ಕೊಡಬ್ಯಾಡ್ರಿ. 40 ಸಾವಿರಕ್ಕ ಒಂದು ರಾತ್ರಿ ಒಳ್ಳೆ ಹೋಟೆಲ್ ಬರತೈತಿ. ಅವರೂ ನಿಮ್ಮಂಗ ಅದೇ ವೆಬ್‌ಸೈಟ್ ತಗದು ನೋಡಿ, ಮ್ಯಾಲೆ ತಮ್ಮ ಪಾಲು ಸೇರಿಸಿ, ಬಣ್ಣದ ಪಿಡಿಎಫ್ ಮಾಡಿ ಕಳಸ್ತಾರ. ನಾನು ವಿಯೆಟ್ನಾಂ, ಟರ್ಕಿ ಎರಡೂ ಸ್ವಂತ ಬುಕ್ ಮಾಡಿ ಹೋಗಿ ಬಂದೀನಿ. ಕ್ರೆಡಿಟ್ ಕಾರ್ಡ್ ಪಾಯಿಂಟ್ ಕೂಡಿಸಿ ಬಿಸಿನೆಸ್ ಕ್ಲಾಸ್‌ನಾಗ ಬಂದೀನಿ. ಒಂದು ತಿಂಗಳು ರಾತ್ರಿ ಊಟಾದ ಮ್ಯಾಲೆ ಕೂತ್ರ ಮುಗೀತು.

ಕ್ಯಾಂಪಿನ ಹುಡುಗಿ (ಬೆಳಗಾವಿ, ಈಗ ಬೆಂಗಳೂರು)

ಮಲಪ್ರಭಾ ಅಣ್ಣ, ನೀವು ಹೋಗಿದ್ದು ಗೆಳೆಯರ ಜೊತೆ. ಇವರ ಸಂಗಡ ಮಣಕಾಲು ನೋವಿನ ಅವ್ವ, ಪೂಜಿ ಬಿಡದ ಅಪ್ಪ ಅದಾರ. ಲೆಕ್ಕಾನ ಬ್ಯಾರೆ.

ನಾನು ಆಫೀಸ್ ಕೆಲಸಕ್ಕ ಟೋಕಿಯೊಕ್ಕ ಹೋಗಿದ್ದೆ. ಊಟದ ವಿಷಯ ಒಂದು ಹೇಳ್ತೀನಿ. ಅಲ್ಲಿ ತರಕಾರಿ ಸೂಪು, ನೂಡಲ್ಸು, ಅಷ್ಟೇ ಏನು ಬೇಯಿಸಿದ ಕುಂಬಳಕಾಯಿ ಸೈತ ‘ದಾಶಿ’ ಅನ್ನೋ ಸಾರಿನಾಗ ಆಗಿರತೈತಿ. ಒಣಗಿಸಿದ ಬೊನಿಟೊ ಮೀನಿನ ಚಕ್ಕಿಯಿಂದ ತಗದ ಸಾರು ಅದು. ಕಣ್ಣಿಗೆ ಮೀನು ಕಾಣಂಗಿಲ್ಲ, ಬಡಿಸಾಂವಾ ನಗುನಗುತ್ತ ‘ವೆಜಿಟೇರಿಯನ್’ ಅಂತಾನ. ಅವನ ಲೆಕ್ಕದಾಗ ಅವಾ ಸುಳ್ಳು ಹೇಳಿಲ್ಲ. ನಿಮ್ಮ ಅಪ್ಪಗ ಆಮೇಲೆ ಗೊತ್ತಾದ್ರ ಮುಂದಿನ ಇಡೀ ಪ್ರವಾಸ ಬರೇ ಬಾಳೆಹಣ್ಣು.

ಟಿಳಕವಾಡಿ ಟಿಕೆಟ್ (ಬೆಳಗಾವಿ)

ಮೊದಲೇ ಹೇಳಿಬಿಡುತ್ತೇನೆ, ನಾನು ಇದೇ ಕೆಲಸ ಮಾಡುವವಳು. ಇಲ್ಲಿ ಗಿರಾಕಿ ಹುಡುಕಲು ಬಂದಿಲ್ಲ, ನನ್ನ ಸಂಸ್ಥೆಯ ಹೆಸರೂ ಹಾಕುವುದಿಲ್ಲ. ಆದರೆ ‘ಪಿಡಿಎಫ್ ಮಾಡಿ ಕಳಸ್ತಾರ’ ಎಂದದ್ದಕ್ಕೆ ಉತ್ತರ ಕೊಡಲೇಬೇಕು.

ನಮಗೆ ದುಡ್ಡು ಬರುವುದು ಮೂರು ಕಡೆಯಿಂದ. ಒಂದು, ಹೋಟೆಲ್ ಕೊಡುವ ಕಮಿಷನ್: ದೊಡ್ಡ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಕೋಣೆ ಬಾಡಿಗೆಯ ಶೇ 10ರ ಆಸುಪಾಸು, ಅದೂ ಅತಿಥಿ ಉಳಿದು ಹೋದ ಮೇಲೆ. ಎರಡು, ಆ ದೇಶದಲ್ಲೇ ಇದ್ದು ಅಲ್ಲಿಯ ಪ್ರವಾಸದ ವ್ಯವಸ್ಥೆ ಮಾಡುವ ಸಂಸ್ಥೆಗಳು (ಡಿಎಂಸಿ) ನಮಗೆ ಕೊಡುವ ನೆಟ್ ದರದ ಮೇಲೆ ನಾವು ಇಡುವ ಮಾರ್ಜಿನ್. ಕಾರು, ಗೈಡು, ಟಿಕೆಟ್ ಎಲ್ಲ ಅವರ ಕೈಯಲ್ಲಿ. ಮೂರನೆಯದು ಈ ಪ್ಲ್ಯಾನಿಂಗ್ ಫೀ. ಫೀ ಕೇಳದವರು ಪುಕ್ಕಟೆ ದುಡಿಯುತ್ತಾರೆ ಎಂದುಕೊಳ್ಳಬೇಡಿ, ಅವರ ದುಡ್ಡು ಮಾರ್ಜಿನ್‌ನಲ್ಲಿ ಕೂತಿರುತ್ತದೆ, ನಿಮಗೆ ಕಾಣುವುದಿಲ್ಲ. ಫೀ ಕೇಳಿದವರನ್ನು ನೇರವಾಗಿ ಕೇಳಿ: ‘ಇದರ ಮೇಲೆ ಮಾರ್ಜಿನ್ ಎಷ್ಟು? ಬುಕ್ ಮಾಡಿದರೆ ಫೀ ಒಟ್ಟು ಬಿಲ್ಲಿನಲ್ಲಿ ಕಳೆಯುತ್ತೀರಾ?’ ಮುಖ ಸಣ್ಣದು ಮಾಡಿದರೆ ಎದ್ದು ಬನ್ನಿ.

ದೊಡ್ಡ ಹೋಟೆಲ್ ಸರಣಿಗಳ ಪಾರ್ಟ್ನರ್ ಕಾರ್ಯಕ್ರಮಗಳಲ್ಲಿ ಇರುವ ಸಲಹೆಗಾರರ ಮೂಲಕ ಬುಕ್ ಮಾಡಿದರೆ, ಹೋಟೆಲಿನ ಸ್ವಂತ ವೆಬ್‌ಸೈಟಿನ ದರದಲ್ಲೇ ಬೆಳಗಿನ ಉಪಾಹಾರ, ಹೋಟೆಲೊಳಗೆ ಖರ್ಚು ಮಾಡಲು ಕ್ರೆಡಿಟ್ (ಹೆಚ್ಚಾಗಿ 100 ಡಾಲರ್), ಖಾಲಿ ಇದ್ದರೆ ದೊಡ್ಡ ಕೋಣೆ ಸಿಗುತ್ತವೆ. ಮೂರು ಕೋಣೆಗೆ ಲೆಕ್ಕ ಹಾಕಿ ನೋಡಿ. ‘ಖಾಲಿ ಇದ್ದರೆ’ ಎಂಬುದನ್ನು ಮರೆಯಬೇಡಿ, ನವೆಂಬರ್ ಕೊನೆಯ ಕ್ಯೋಟೊದಲ್ಲಿ ಯಾವ ಕೋಣೆಯೂ ಖಾಲಿ ಇರುವುದಿಲ್ಲ.

ಮಲಪ್ರಭಾ ದಂಡಿ

ಬಿಚ್ಚಿ ಹೇಳಿದ್ದಕ್ಕ ಥ್ಯಾಂಕ್ಸ್ ರೀ ಅಕ್ಕಾರ. ಆದ್ರ ಇದು ಹೋಟೆಲ್ ಬುಕ್ ಮಾಡೋ ಮಾತಾತು. ಅದನ್ನ ನಾನೂ ಮಾಡ್ತೀನಿ. 40 ಸಾವಿರದ್ದು ಕೆಲಸ ಯಾವುದು?

ಟಿಳಕವಾಡಿ ಟಿಕೆಟ್

ಸರಿ, ಇವರ ಮನೆಯವರನ್ನೇ ತಗೊಳ್ಳೋಣ.

ಅವರಿಗೆ ಕೋಯಾಸಾನ್ ತೋರಿಸಬೇಕು ಅನಿಸುತ್ತದೆ ನನಗೆ. ಒಸಾಕಾದ ದಕ್ಷಿಣಕ್ಕೆ ಬೆಟ್ಟದ ಮೇಲಿನ ಊರು, ಕೂಕಾಯ್ ಎಂಬ ಸನ್ಯಾಸಿ ಒಂಬತ್ತನೇ ಶತಮಾನದಲ್ಲಿ ಕಟ್ಟಿದ ಬೌದ್ಧ ಕ್ಷೇತ್ರ. ನೂರಕ್ಕೂ ಹೆಚ್ಚು ದೇವಾಲಯ, ಅದರಲ್ಲಿ ಐವತ್ತರಷ್ಟು ಕಡೆ ರಾತ್ರಿ ಉಳಿಯಬಹುದು. ಅಲ್ಲಿಯ ಊಟ ‘ಶೋಜಿನ್ ರ್ಯೋರಿ’: ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ದಾಶಿ ಮಾಡುವುದು ಕಡಲಪಾಚಿ ಮತ್ತು ಅಣಬೆಯಿಂದ. ನಿಮ್ಮ ಅಪ್ಪ ಜಪಾನಿನಲ್ಲಿ ಅನುಮಾನವಿಲ್ಲದೆ ಕೈ ತೊಳೆದು ಕೂರಬಹುದಾದ ಊಟ ಅದು.

ಇಲ್ಲಿಯವರೆಗೂ ಗೂಗಲ್ ಹೇಳುತ್ತದೆ. ಇನ್ನು ಮುಂದೆ ಕೇಳಿ. ಅಲ್ಲಿ ಎಷ್ಟೋ ಕಡೆ ಸ್ನಾನಗೃಹ ಎಲ್ಲರಿಗೂ ಒಂದೇ, ಅದೂ ಸಂಜೆ ಮಾತ್ರ ತೆರೆದಿರುತ್ತದೆ. ಬೆಳಿಗ್ಗೆ ಜಳಕವಿಲ್ಲದೆ ನಿಮ್ಮ ಅಪ್ಪನ ಪೂಜೆ ಹೇಗೆ? ಕೋಣೆಯೊಳಗೇ ಸ್ನಾನದ ವ್ಯವಸ್ಥೆ ಇರುವ ದೇವಾಲಯಗಳು ಕೆಲವೇ, ಅಲ್ಲೂ ಅಂಥ ಕೋಣೆ ಎರಡೋ ಮೂರೋ. ಬೆಳಗಿನ ಪ್ರಾರ್ಥನೆ 6 ಅಥವಾ 6.30ಕ್ಕೆ, ಅದರ ಬೆನ್ನಿಗೇ ತಿಂಡಿ. ಪೂಜೆ ಅದಕ್ಕಿಂತ ಮೊದಲೇ ಮುಗಿಯಬೇಕು. ರಾತ್ರಿ ಊಟ ಸಂಜೆ 5.30-6ಕ್ಕೇ, ಅದೂ ನೆಲದ ಮೇಲೆ ಕೂತು. ಅವ್ವನಿಗೆ ಕುರ್ಚಿ ಬೇಕು ಎಂದು ಮೊದಲೇ ಬರೆದು, ‘ಆಯಿತು’ ಎಂಬ ಉತ್ತರ ಜಪಾನಿ ಭಾಷೆಯಲ್ಲಿ ತರಿಸಿಕೊಳ್ಳಬೇಕು. ಮಲಗುವುದು ಚಾಪೆಯ ಮೇಲೆ ಹಾಸಿದ ಹಾಸಿಗೆಯಲ್ಲಿ. ಮಣಕಾಲು ನೋವಿದ್ದವರು ಮಲಗಬಹುದು, ಬೆಳಿಗ್ಗೆ ಏಳುವುದೇ ಕಷ್ಟ. ಮಂಚ ಇರುವ ಕೋಣೆಯೇ ಬೇಕು. ಇಂಥ ಮೂರು ಕೋಣೆ ಒಂದೇ ರಾತ್ರಿಗೆ ಮೇಪಲ್ ಎಲೆ ಕೆಂಪಾಗುವ ಹಂಗಾಮಿನಲ್ಲಿ ಸಿಗದಿದ್ದರೆ, ಕೋಯಾಸಾನ್‌ಗೆ ಹಗಲು ಹೋಗಿ ಮಧ್ಯಾಹ್ನದ ಊಟ ಮಾಡಿ ಒಸಾಕಾಕ್ಕೆ ಇಳಿದು ಬರುವ ದಾರಿ ಯೋಚಿಸಬೇಕು. ಕೆಲಸ ಅಂದರೆ ಇದು.

ಉದ್ಯಮಬಾಗದವರೇ, ಒಂದು ಕೇಳಲೇ? 40 ಸಾವಿರ ಕೇಳಿದವರು ಅಪ್ಪನ ಪೂಜೆಯ ಬಗ್ಗೆ ಏನಾದರೂ ಕೇಳಿದರೇ?

ಉದ್ಯಮಬಾಗದಾಂವ

ಇಲ್ರಿ. ಯಾವ ಸ್ಟಾರ್ ಹೋಟೆಲ್ ಬೇಕು, ಎಷ್ಟು ರಾತ್ರಿ, ಬಜೆಟ್ ಎಷ್ಟು ಅಂತ ಕೇಳಿದ್ರು. ಒಂದು ತಾಸಿನಾಗ ಕೋಟೇಷನ್ ಬಂತು. ಭಾಳ ಚುರುಕು ಅದಾರ ಅಂತ ನಾನು ಖುಷಿ ಆಗಿದ್ದೆ.

ಗುಮ್ಮಟದ ಗಾಳಿ (ವಿಜಯಪುರ)

ಒಂದು ತಾಸಿನ ಕೋಟೇಷನ್ ಅಂದ್ರ ಯಾರದೋ ಹಳೀ ಫೈಲ್‌ನಾಗ ನಿಮ್ಮ ಹೆಸರು ಕೂಡಿಸ್ಯಾರ ಅಂತ ತಿಳ್ಕೊಳ್ರಿ.

ನಮ್ಮ ಕಥಿ ಕೇಳ್ರಿ. ಸ್ವಿಟ್ಜರ್‌ಲ್ಯಾಂಡ್ ಹೋಗಿದ್ವಿ. ಮಾಡಿಕೊಟ್ಟವರ ಹೆಸರು ಬರ್ಯಂಗಿಲ್ಲ, ವಿಜಯಪುರದವರಂತೂ ಅಲ್ಲ. ಪ್ಲ್ಯಾನಿನಾಗ ‘ಗ್ಲೇಸಿಯರ್ ಎಕ್ಸ್‌ಪ್ರೆಸ್, ಪನೋರಮಿಕ್ ಲಕ್ಸುರಿ ಕೋಚ್’ ಅಂತ ಬರ್ದಿದ್ರು. ಜರ್‌ಮ್ಯಾಟ್‌ನಿಂದ ಸೇಂಟ್ ಮೋರಿಟ್ಜ್ ತನಕಾ ಎಂಟು ತಾಸಿನ ದಾರಿ, 291 ಸೇತುವೆ, 91 ಸುರಂಗ, 2,033 ಮೀಟರ್ ಎತ್ತರದ ಓಬರಾಲ್ಪ್ ಘಾಟು. ಅದರಾಗ ಎಕ್ಸಲೆನ್ಸ್ ಕ್ಲಾಸ್ ಅಂತ 2019ರಿಂದ ಒಂದು ಡಬ್ಬಿ ಬಂದದ, ಬರೇ 20 ಸೀಟು, ಎಲ್ಲಾರಿಗೂ ಕಿಡಕಿ ಗ್ಯಾರಂಟಿ, ಊಟಾ ಸೀಟಿಗೇ ಬರ್ತದ. ನಾವು ರೊಕ್ಕಾ ಕಟ್ಟಿದ್ದು ಅದಕ್ಕಂತ ತಿಳಿದಿದ್ವಿ. ಸ್ಟೇಷನ್‌ಗೆ ಹೋಗಿ ನೋಡಿದ್ರ ಕೈಯಾಗ ಸೆಕೆಂಡ್ ಕ್ಲಾಸ್ ಟಿಕೆಟ್. ಫೋನ್ ಹಚ್ಚಿದ್ರ ‘ಸರ್, ಅದೂ ಪನೋರಮಿಕ್ಕೇ ಅಲ್ರಿ’ ಅಂತಾರ. ಹೌದಪಾ, ಆ ರೈಲಿನ ಎಲ್ಲಾ ಡಬ್ಬಿಗೂ ದೊಡ್ಡ ಕಿಡಕಿನ ಇರ್ತಾವ. ಜಗಳಾ ಮಾಡಾಕ ನಮ್ಮ ಕಡೆ ಒಂದು ಕಾಗದ ಇರಲಿಲ್ಲ.

ಲಕ್ಸುರಿ, ಪ್ರೀಮಿಯಂ, ಡೀಲಕ್ಸ್ ಇವು ಯಾವೂ ಕರಾರಿನಾಗ ನಿಲ್ಲಂಗಿಲ್ಲ. ಹೋಟೆಲಿನ ಪೂರ್ತಿ ಹೆಸರು, ಕೋಣಿ ಯಾವ ವರ್ಗದ್ದು, ರೈಲಿನ ಕ್ಲಾಸ್, ಕಾರಿನ ಮಾಡೆಲ್, ಗೈಡ್ ಎಷ್ಟು ತಾಸು ಇರ್ತಾನ, ಎಲ್ಲಾ ಬರ್ಸ್ಕೊಳ್ರಿ. ಮತ್ತ ರದ್ದು ಮಾಡಿದ್ರ ಯಾವ ತಾರೀಖಿನ ತನಕಾ ಎಷ್ಟು ವಾಪಸ್ ಅನ್ನೋದನ್ನ ಹೋಟೆಲಿಗೊಂದು, ರೈಲಿಗೊಂದು, ಬ್ಯಾರೆ ಬ್ಯಾರೆ ಕೇಳ್ರಿ.

ಟಿಳಕವಾಡಿ ಟಿಕೆಟ್

ಇದಕ್ಕೆ ಒಂದು ಸೇರಿಸಿ: ಕನೆಕ್ಟಿಂಗ್ ಕೋಣೆ, ಅಂದರೆ ನಡುವೆ ಬಾಗಿಲಿರುವ ಜೋಡಿ ಕೋಣೆ. ಮಕ್ಕಳು ಪಕ್ಕದ ಕೋಣೆಯಲ್ಲಿ ಮಲಗುವ ಮನೆಯವರಿಗೆ ಇದು ದೊಡ್ಡ ವಿಷಯ. ‘ವಿನಂತಿಸಲಾಗಿದೆ’ ಎಂದು ಬರೆದಿದ್ದರೆ ಸಿಗುವುದಿಲ್ಲ ಎಂದೇ ತಿಳಿಯಿರಿ. ಹೋಟೆಲಿನಿಂದ ‘ಖಚಿತ’ ಎಂದು ಬರಬೇಕು.

ಟಿಕೋಟಾ ದ್ರಾಕ್ಷಿ (ವಿಜಯಪುರ)

ನಾವು ಕೀನ್ಯಾಕ್ಕ ಹೋಗಿದ್ವಿ, ಆಗಸ್ಟ್‌ನಾಗ, ಮಸಾಯಿ ಮಾರಾಕ್ಕ ವಿಲ್ಡೆಬೀಸ್ಟ್ ಹಿಂಡು ಬಂದಿರೋ ಹೊತ್ತಿಗೆ. ಮನೂಕ (ಒಣದ್ರಾಕ್ಷಿ) ಮಾರಾಟ ಎಲ್ಲಾ ಮುಗಿದ ಮ್ಯಾಲೆ ನಮಗ ಬಿಡುವು ಸಿಗೋದೇ ಆವಾಗ. ಸಲಹೆಗಾರ್ತಿ ಒಬ್ಬಾಕಿ ಮಾಡಿಕೊಟ್ಲು. ಫೀ ಕೊಟ್ವಿ, ಬೇಜಾರಿಲ್ಲ.

ಆಕಿ ಹೇಳದಿದ್ರ ನಮಗ ಗೊತ್ತೇ ಆಗ್ತಿರಲಿಲ್ಲ: ನೈರೋಬಿಯ ವಿಲ್ಸನ್ ಏರ್‌ಪೋರ್ಟಿನಿಂದ ಮಾರಾಕ್ಕ ಹೋಗೋ ಸಣ್ಣ ವಿಮಾನದಾಗ ಒಬ್ಬರಿಗೆ 15 ಕಿಲೋ ಮಾತ್ರ, ಅದೂ ಮೆತ್ತನ ಬ್ಯಾಗ್. ಗಟ್ಟಿ ಸೂಟ್‌ಕೇಸ್ ಹತ್ತಿಸಂಗಿಲ್ಲ. ನಮ್ಮ ಅತ್ತಿ ಕಟ್ಟಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿನೇ ಒಂದು ಬ್ಯಾಗ್ ಆಗಿತ್ತು. ಅದರ ಮ್ಯಾಲೆ ಅಲ್ಲಿ 2017ರಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಬಂದ್. ಹೊರಡೋ ಮುಂದ ಎಲ್ಲಾ ಚಟ್ನಿ ತಗದು ಸ್ಟೀಲ್ ಡಬ್ಬಿಗೆ ಹಾಕಿದ್ವಿ.

ಇನ್ನೊಂದು. ಮಾರಾ ಮೀಸಲು ಅರಣ್ಯದ ಶುಲ್ಕ ಜುಲೈಯಿಂದ ಡಿಸೆಂಬರ್ ತನಕಾ ವಿದೇಶಿಯರಿಗೆ ದಿನಕ್ಕ 200 ಡಾಲರ್, ಮೊದಲಿನ ಆರು ತಿಂಗಳು 100. ಇದು ಪ್ಯಾಕೇಜ್‌ನಾಗ ಸೇರ್ಯದೋ ಇಲ್ಲೋ ಅಂತ ಕೇಳ್ದಿದ್ರ ಅಲ್ಲಿ ಹೋಗಿ ಕಣ್ಣು ಬಿಡಬೇಕಾಗ್ತದ. ಆಕಿ ನಮ್ಮನ್ನ ಮೀಸಲಿನ ಪಕ್ಕದ ಕನ್ಸರ್ವೆನ್ಸಿಯಾಗ (ಪ್ರಾಣಿಗಳಿಗಂತ ಬಿಟ್ಟ ಖಾಸಗಿ ಪ್ರದೇಶ) ಇಟ್ಟಿದ್ಲು, ಜೀಪು ಕಡಿಮಿ, ರಾತ್ರಿನೂ ಸುತ್ತಬಹುದು. ವಿಲ್ಡೆಬೀಸ್ಟ್ ಹಿಂಡು ನದಿ ದಾಟೋದು ಕಾಣಸ್ತದಂತ ಮಾತ್ರ ಮಾತು ಕೊಡಂಗಿಲ್ಲ ಅಂತ ಮೊದಲೇ ಅಂದಿದ್ಲು. ಕಾಣಸಲೂ ಇಲ್ಲ! ಸಿಂಹಾ ಹೊಟ್ಟಿ ತುಂಬಾ ನೋಡಿದ್ವಿ.

ಊಟಕ್ಕ ತ್ರಾಸಿಲ್ಲ, ಗುಜರಾತಿ ಮಂದಿ ತಲೆತಲಾಂತರದಿಂದ ಅಲ್ಲಿ ಅದಾರ, ಕ್ಯಾಂಪಿನ ಅಡಗಿಯವರಿಗೆ ದಾಲ್-ರೋಟಿ ಗೊತ್ತು. ಆದ್ರ ಯೆಲ್ಲೋ ಫೀವರ್ ಲಸಿಕಿ ಬೇಕು, ವಾಪಸ್ ಬರೋ ಮುಂದ ಇಲ್ಲಿ ಕೇಳ್ತಾರ. 10 ದಿನ ಮೊದಲೇ ಹಾಕಿಸಿರಬೇಕು. 60 ದಾಟಿದವರು ಡಾಕ್ಟರನ್ನ ಕೇಳದ ಹಾಕಿಸ್ಕೋಬಾರದು. ನಿಮ್ಮ ಅಪ್ಪ-ಅವ್ವಗ ಅದಕ್ಕಾಗಿ ನಾನು ಕೀನ್ಯಾ ಹೇಳಂಗಿಲ್ಲ. ಜಪಾನೇ ಬೇಷ್.

ಲೆಕ್ಕದಾಂವ (ಬಾಗಲಕೋಟೆ, ನವನಗರ)

ಯಾರೂ ಟ್ಯಾಕ್ಸ್ ಮಾತು ತಗೀಲಿಲ್ಲಲ್ಲ! ನಾನು ಸಿಎ, ಅದಕ್ಕ ಬಾಯಿ ಹಾಕ್ತೀನಿ.

ವಿದೇಶ ಪ್ರವಾಸದ ಪ್ಯಾಕೇಜ್ ಮಾರಿದವರು ನಿಮ್ಮ ಹತ್ರ ಟಿಸಿಎಸ್ (ಮಾರೋ ಮುಂದನೇ ಹಿಡಿಯೋ ಆದಾಯ ತೆರಿಗಿ) ವಸೂಲಿ ಮಾಡಬೇಕು. 2025-26ರಾಗ, ಅಂದ್ರ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರ ತನಕ, ಒಬ್ಬರಿಗೆ ವರ್ಷಕ್ಕ 10 ಲಕ್ಷದ ತನಕ ಶೇ 5, ಅದರ ಮ್ಯಾಲಿನದಕ್ಕ ಶೇ 20. ಆ ದರದಾಗ ನೀವೊಬ್ಬರೇ ನಿಮ್ಮ ಪ್ಯಾನ್ ಮ್ಯಾಲೆ 24 ಲಕ್ಷ ಕಟ್ಟಿದ್ರ 50 ಸಾವಿರ ಪ್ಲಸ್ 2 ಲಕ್ಷ 80 ಸಾವಿರ, ಒಟ್ಟು 3 ಲಕ್ಷ 30 ಸಾವಿರ. ಅಪ್ಪ, ನೀವು, ನಿಮ್ಮ ಮನಿಯವರು ಮೂರೂ ಮಂದಿಗೆ ಸ್ವಂತ ಆದಾಯ ಇದ್ದು, ಅವರವರ ಖಾತೆಯಿಂದ 8-8 ಲಕ್ಷ ಕಟ್ಟಿದ್ರ ಒಟ್ಟು 1 ಲಕ್ಷ 20 ಸಾವಿರ. ಇದು ಖರ್ಚಲ್ಲ, ತೆರಿಗಿ ಇಲಾಖೆ ಇಡೋ ನಿಮ್ಮ ಲೆಕ್ಕದ ಪಟ್ಟಿ 26ಎಎಸ್‌ನಾಗ ನಿಮ್ಮ ಹೆಸರಿಗೆ ಬರತೈತಿ, ಅಡ್ವಾನ್ಸ್ ಟ್ಯಾಕ್ಸ್ ಕಟ್ಟೋ ಮುಂದ ಕಳಕೋಬಹುದು, ಇಲ್ಲಾ ರಿಟರ್ನ್ ಹಾಕಿ ವಾಪಸ್ ತಗೋಬಹುದು. ಆದ್ರ ಅಲ್ಲಿತನಕಾ ರೊಕ್ಕಾ ಸಿಕ್ಕೊಂಡಿರತೈತಿ. ಫೌಂಡ್ರಿ ನಡಸೋರಿಗೆ ಅದು ಸಣ್ಣ ಮಾತಲ್ಲ.

ಟೂರ್ ಪ್ಯಾಕೇಜ್ ಮ್ಯಾಲೆ ಜಿಎಸ್‌ಟಿ ಶೇ 5, ಬರೇ ಸಲಹೆಯ ಫೀ ಮ್ಯಾಲೆ ಶೇ 18. ಹೇಳಿದ 40 ಸಾವಿರ ಜಿಎಸ್‌ಟಿ ಸೇರಿಯೋ ಬಿಟ್ಟೋ ಅಂತ ಕೇಳ್ರಿ. ಕಂಪನಿ ಖರ್ಚಿನಾಗ ತೋರಿಸೋ ವಿಚಾರ ಇದ್ರ ಈಗಲೇ ಬಿಡ್ರಿ. ಮತ್ತ ಇವೆಲ್ಲಾ 2025-26ರ ದರ, ಮುಂದಿನ ಬಜೆಟ್ ಆದ ಮ್ಯಾಲೆ ಇನ್ನೊಮ್ಮೆ ನೋಡ್ಕೊಂಡು ಕಟ್ಟ್ರಿ.

ಮಲಪ್ರಭಾ ದಂಡಿ

ನಾವೇ ಹೋಟೆಲ್, ಟಿಕೆಟ್ ಬಿಡಿಬಿಡಿಯಾಗಿ ಬುಕ್ ಮಾಡಿದ್ರ ಪ್ಯಾಕೇಜ್ ಆಗಂಗಿಲ್ಲ, ಹೌದಿಲ್ರೀ? ಅಂದ್ರ ನಾನು ಹೇಳಿದ್ದೇ ಖರೆ.

ಲೆಕ್ಕದಾಂವ

ಬರೇ ಹೋಟೆಲ್ ಅಷ್ಟೇ ನೇರವಾಗಿ ತಗೊಂಡ್ರ ಪ್ಯಾಕೇಜ್ ಅಲ್ಲ, ಖರೆ. ಅದಕ್ಕ ಕೆಲವರು ಸಲಹೆಗಾರರಿಗೆ ಫೀ ಕೊಟ್ಟು ಪ್ಲ್ಯಾನ್ ಅಷ್ಟೇ ತಗೋತಾರ, ಹೋಟೆಲ್ ರೊಕ್ಕಾ ನೇರ ಹೋಟೆಲ್‌ಗೇ ಕಟ್ತಾರ. ಅದೂ ಒಂದು ದಾರಿ. ಆದ್ರ ಏನರೆ ಎಡವಟ್ಟಾದ್ರ ಹೊಣಿ ಯಾರದು ಅಂತ ಮೊದಲೇ ಬರ್ಸ್ಕೊಂಡಿರಬೇಕು.

ಅಗಸ್ತ್ಯತೀರ್ಥ (ಬಾದಾಮಿ)

ನಾ ಇಲ್ಲಿ ಗೈಡ್. ನನ್ನ ಮಾತು ಆಚೆ ಕಡೆಯಿಂದ. ನಮ್ಮಲ್ಲಿಗೂ ಸಲಹೆಗಾರರು ಕಳಿಸಿದ ವಿದೇಶಿ ಮಂದಿ ಬರ್ತಾರ. ಎರಡು ಥರದ ಫೋನ್ ಬರ್ತಾವು. ಒಂದು: ‘ನಾಳೆ ನಾಲ್ಕು ಮಂದಿ, ಬಾದಾಮಿ-ಐಹೊಳೆ-ಪಟ್ಟದಕಲ್ಲು, ಒಂದೇ ದಿನ.’ ಅಷ್ಟೇ, ಇಟ್ಟುಬಿಡ್ತಾರ. ಇನ್ನೊಂದು ಥರದವರು ಹದಿನೈದು ದಿನ ಮೊದಲೇ ಹಚ್ಚಿ ಕೇಳ್ತಾರ: ಗುಹೆಗಳ ಮೆಟ್ಟಿಲಿಗೆ ಹಿಡಿಕಿ ಐತೇನು, ಅಜ್ಜಿಗೆ ಎಲ್ಲಿ ಕುಂದ್ರಸಬಹುದು, ಮಂಗ್ಯಾನ ಕಾಟ ಎಷ್ಟು, ವಿರೂಪಾಕ್ಷ ಗುಡಿಗೆ ಬಿಸಲು ಯಾವಾಗ ಬರತೈತಿ ಅಂತ. ಪಟ್ಟದಕಲ್ಲಿನ ವಿರೂಪಾಕ್ಷ ಪೂರ್ವಾಭಿಮುಖ, ಮುಂಜಾನೆ ಹೋದ್ರ ಬೆಳಕು ಒಳಗ ಬರತೈತಿ, ಮಧ್ಯಾಹ್ನ ಹೋದ್ರ ಅಂಗಳದ ಕಲ್ಲು ಕಾದು ಬರಿಗಾಲಿಗೆ ಚುರ್ ಅಂತೈತಿ. ಅಂಥವರು ಕಳಿಸಿದ ಅತಿಥಿಗಳು ಮೂರನೇ ಗುಹೆಯಾಗ 578ರ ಮಂಗಳೇಶನ ಶಾಸನದ ಮುಂದ ಅರ್ಧಾ ತಾಸು ನಿಲ್ತಾರ. ಮೊದಲಿನವರಿಗೆ ಬಸ್ಸಿನ ಹಾರ್ನ್ ಕೇಳಿಸ್ತಿರತೈತಿ.

ನಿಮ್ಮ ಸಲಹೆಗಾರರು ಜಪಾನಿನಾಗ ಇರೋ ನಮ್ಮಂಥ ಗೈಡಿಗೆ ಯಾವ ಥರದ ಫೋನ್ ಹಚ್ತಾರ ಅಂತ ತಿಳ್ಕೊಳ್ರಿ.

(ಇಷ್ಟು ಮಂದಿ ದೂರ ದೂರ ಹೋಗೋರು ಪಟ್ಟದಕಲ್ಲಿಗೆ ಒಮ್ಮೆಯರೆ ಬಂದೀರೇನು? 1987ರಿಂದ ಯುನೆಸ್ಕೊ ಪಟ್ಟಿಯಾಗ ಐತಿ. ಸುಮ್ಮ ಕೇಳಿದೆ.)

ಗುಮ್ಮಟದ ಗಾಳಿ

ಬಂದೀವಿ ಮಾರಾಯ್ರ, ಸಾಲಿ ಟ್ರಿಪ್‌ನಾಗ. ಗುಡಿ ನೆನಪಿಲ್ಲ, ಮಂಗ್ಯಾ ಡಬ್ಬಿ ಕಸಗೊಂಡಿದ್ದು ನೆನಪದ.

ಕ್ಯಾಂಪಿನ ಹುಡುಗಿ

ಕೆಲವು ಬಿಡಿ ಮಾತು, ಸಲಹೆಗಾರರು ಯಾರೇ ಇರಲಿ ಕೇಳ್ರಿ:

ಆರು ಮಂದಿಗೆ ಒಂದು ವ್ಯಾನ್ ಸಾಕು ಅಂತಾರ. ಮಂದಿ ಕೂಡ್ತಾರ, ಆರು ದೊಡ್ಡ ಸೂಟ್‌ಕೇಸ್ ಕೂಡಂಗಿಲ್ಲ. ಅಲ್ಲಿ ‘ತಕ್ಯುಬಿನ್’ ಅಂತ ಸೇವಾ ಐತಿ, ಟೋಕಿಯೊ ಹೋಟೆಲಿನಾಗ ಕೊಟ್ಟ್ರ ಮರುದಿನ ಕ್ಯೋಟೊ ಹೋಟೆಲಿಗೆ ಬಂದಿರತೈತಿ. ಆ ಒಂದು ರಾತ್ರಿಗೆ ಬೇಕಾದ್ದು ಕೈಚೀಲದಾಗ ಇಟ್ಕೊಬೇಕು, ಅಪ್ಪನ ಪೂಜಿ ಸಾಮಾನಂತೂ ಕಳಿಸಬ್ಯಾಡ್ರಿ.

ಬುಲೆಟ್ ರೈಲಿಗೆ 7 ದಿನದ ಜೆಆರ್ (ಜಪಾನ್ ರೈಲು) ಪಾಸ್ 2023ರ ಅಕ್ಟೋಬರ್‌ನಾಗ 29,650 ಯೆನ್‌ನಿಂದ 50,000ಕ್ಕ ಹೋಗೇತಿ. ಟೋಕಿಯೊ-ಕ್ಯೋಟೊ-ಒಸಾಕಾ ಅಷ್ಟೇ ಇದ್ರ ಬಿಡಿ ಟಿಕೆಟ್ಟೇ ಅಗ್ಗ. ಇವತ್ತಿಗೂ ಪಾಸ್ ಹಚ್ಚೋ ಪ್ಲ್ಯಾನ್ ಬಂದ್ರ ಅದು ಹಳೀ ಫೈಲ್. ಮೊದಲ ದರ್ಜಿ ಡಬ್ಬಿ, ಗ್ರೀನ್ ಕಾರ್‌ನಾಗ ಕ್ಯೋಟೊ ಕಡೆ ಹೋಗೋ ಮುಂದ ‘ಡಿ’ ಸೀಟ್ ಕೇಳ್ರಿ, ಫುಜಿ ಬೆಟ್ಟ ಆ ಕಡೆ.

ಔಷಧ: ಒಂದು ತಿಂಗಳಿಗಿಂತ ಹೆಚ್ಚಿನ ಗುಳಿಗಿ ಒಯ್ಯೋದಾದ್ರ ಮೊದಲೇ ಅನುಮತಿ ಪತ್ರ ಬೇಕು. ನೆಗಡಿ ಗುಳಿಗಿಯೊಳಗಿನ ಸ್ಯುಡೊಎಫೆಡ್ರಿನ್ ಹೆಚ್ಚಿದ್ರ ಒಳಗ ಬಿಡಂಗಿಲ್ಲ. ಡಾಕ್ಟರ್ ಚೀಟಿ ಇಂಗ್ಲಿಷ್‌ನಾಗ ಇರಲಿ.

ಮತ್ತ ಸಾಂಬ್ರಾದಿಂದ (ಬೆಳಗಾವಿ ಏರ್‌ಪೋರ್ಟ್) ಬೆಂಗಳೂರಿಗೆ ಒಂದು ಟಿಕೆಟ್, ಬೆಂಗಳೂರಿಂದ ಟೋಕಿಯೊಕ್ಕ ಇನ್ನೊಂದು ಟಿಕೆಟ್ ಅಂತ ಬ್ಯಾರೆ ಬ್ಯಾರೆ ತಗೊಂಡ್ರ, ಮೊದಲಿನದು ತಡಾ ಆದ್ರ ಎರಡನೆಯ ಕಂಪನಿಯವರು ಕೇಳಂಗಿಲ್ಲ. ಹಿಂದಿನ ದಿನ ವಂದೇ ಭಾರತ್ ಹಿಡಿದು ಮಧ್ಯಾಹ್ನಕ್ಕ ಬೆಂಗಳೂರು ಮುಟ್ಟಿ, ಏರ್‌ಪೋರ್ಟ್ ಹತ್ರ ಮಲಗಿ, ಮರುದಿನ ಹತ್ತ್ರಿ. ಅವ್ವಗೂ ಆರಾಮ.

ಉದ್ಯಮಬಾಗದಾಂವ

ಎಲ್ಲಾರಿಗೂ ಭಾಳ ಭಾಳ ಥ್ಯಾಂಕ್ಸ್. ಹದಿನೈದು ದಿನದ ನಂತರ ಬರ್ಯಾಕತ್ತೀನಿ.

ಮೊದಲಿನವರಿಗೆ ಗುಮ್ಮಟದವರು ಹೇಳಿದಂಗ ಎಲ್ಲಾ ಬರ್ದು ಕೊಡ್ರಿ ಅಂದೆ. ಕ್ಯೋಟೊದಾಗ ‘ಇದೇ ಅಥವಾ ಇದಕ್ಕೆ ಸಮಾನವಾದ ಹೋಟೆಲ್’ ಅಂತ ಬರ್ದು ಕಳಿಸಿದ್ರು. ಸಮಾನ ಅಂತ ತೀರ್ಮಾನ ಮಾಡೋರು ಯಾರು ಅಂತ ಕೇಳಿದ್ದಕ್ಕ ಉತ್ತರ ಬರಲಿಲ್ಲ. ಅವರನ್ನ ಬಿಟ್ಟೆ.

ಇನ್ನೊಬ್ಬರು ಸಿಕ್ಕಾರ, ಪುಣೆಯವರು. ಫೀ ಇವರದು ಹೆಚ್ಚೇ ಐತಿ, 55 ಸಾವಿರ, ಜಿಎಸ್‌ಟಿ ಸೇರಿ. ಬುಕ್ ಮಾಡಿದ್ರ ಅರ್ಧಾ ಕಳೀತಾರ. ವಿಡಿಯೊ ಕಾಲ್‌ನಾಗ ಹೋಟೆಲ್ ಹೆಸರ ತಗೀಲಿಲ್ಲ. ಅವ್ವನ ಕೂಡ ಮಾತಾಡಬೇಕು ಅಂದ್ರು. ಅವ್ವಗ ಕೇಳಿದ್ದು: ಒಂದೇ ಸಲಕ್ಕ ಎಷ್ಟು ದೂರ ನಡೀತೀರಿ, ಮೆಟ್ಟಿಲು ಹತ್ತೋದು ತ್ರಾಸೋ ಇಳಿಯೋದು ತ್ರಾಸೋ. ಇಳಿಯೋದೇ ತ್ರಾಸು ಅಂತ ಅವ್ವ ಅಂದ್ಲು. ಇಷ್ಟು ವರ್ಷ ಮನ್ಯಾಗ ಅದೀವಿ, ನಮಗ್ಯಾರಿಗೂ ಇದು ಗೊತ್ತಿರಲಿಲ್ಲ. ಹಂಗಾದ್ರ ಕ್ಯೋಟೊದ ಕಿಯೋಮಿಜು ಗುಡಿಗೆ ಕೆಳಗಿಂದ ಹತ್ತಿಸಿ ಇಳಿಸೋ ಬದಲು ಟ್ಯಾಕ್ಸಿ ಎಲ್ಲಿತನಕಾ ಹೋಗತೈತಿ ಅಂತ ಅಲ್ಲಿಯವರನ್ನ ಕೇಳ್ತೀನಿ ಅಂತ ಬರ್ಕೊಂಡ್ರು.

ಕೋಯಾಸಾನ್‌ದಾಗ ಕೋಣಿಯೊಳಗ ಸ್ನಾನ ಇರೋ ಎರಡು ಕೋಣಿ ಒಂದು ಕಡೆ ಸಿಗಬಹುದಂತ, ಮೂರನೇದು ಸಂಶಯ. ಸಿಗದಿದ್ರ ನಾನು, ಮಗ ಸಾದಾ ಕೋಣ್ಯಾಗ ಮಲಗ್ತೀವಿ. ಅಪ್ಪ ಮಾತ್ರ ಈಗ ಹೊಸಾ ಹಟಾ ಹಿಡಿದಾರ, ಅಲ್ಲಿಯ ಮುಂಜಾನೆ ಪ್ರಾರ್ಥನಾದಾಗ ತಾನೂ ಕೂಡಬೇಕಂತ. ಪೂಜಿ 5ಕ್ಕ ಮುಗಸ್ತೀನಿ ಅಂತಾರ.

ಲೆಕ್ಕದಾಂವ ಅವರ, ಒಂದು ಕೊನೆ ಪ್ರಶ್ನೆ: ಅಡ್ವಾನ್ಸ್ ಈಗ ಡಿಸೆಂಬರ್‌ನಾಗ ಕಟ್ಟಿ, ಉಳಿದದ್ದು ಏಪ್ರಿಲ್ ಆದ ಮ್ಯಾಲೆ ಕಟ್ಟಿದ್ರ 10 ಲಕ್ಷದ ಮಿತಿ ಎರಡು ವರ್ಷಕ್ಕ ಬ್ಯಾರೆ ಬ್ಯಾರೆ ಸಿಗತೈತೇನ್ರಿ?

ಲೆಕ್ಕದಾಂವ

ಮಿತಿ ಆರ್ಥಿಕ ವರ್ಷಕ್ಕ, ಹಂಗಾಗಿ ಮಾರ್ಚ್ 31ರ ಒಳಗ ಕಟ್ಟಿದ್ದು ಈ ವರ್ಷದ ಲೆಕ್ಕಕ್ಕ, ಆಮೇಲಿಂದು ಮುಂದಿನ ವರ್ಷಕ್ಕ, ಆವಾಗಿನ ದರ-ಮಿತಿ ಏನಿದ್ರ ಅದರಂಗ. ರಸೀದಿ ಮೂರೂ ಮಂದಿ ಹೆಸರಿಗೆ ಬ್ಯಾರೆ ಬ್ಯಾರೆ ತಗೊಳ್ರಿ, ಪ್ಯಾನ್ ನಂಬರ್ ಸರಿ ಐತೋ ಇಲ್ಲೋ ಅಲ್ಲೇ ನೋಡ್ರಿ. ಆಮೇಲೆ ತಿದ್ದಿಸೋದು ದೊಡ್ಡ ರಗಳೆ.